ಪದಚರ್ಚೆ: ‘ಅಟಾನಮಿಕ್ ನರ್ವಸ್ ಸಿಸ್ಟಮ್’, ‘ಫಟೀಗ್’ – ಪೋಸ್ಟರ್‌ಗೆ, ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ,

ಆರು ಗಂಟೆಗೆ ಪ್ರಿಂಟಿಗೆ ಕೊಡಬೇಕು, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್, ಇಸ್ತ್ರಿ, ಪ್ಯಾಕಿಂಗ್ ಮಾಡುವ ಹೆಂಗಸರಿಗಾಗಿ ಒಂದು ಪೋಸ್ಟರ್ ಮಾಡುತ್ತಿದ್ದೇನೆ. ಇಡೀ ಶಿಫ್ಟ್ ನಿಂತೇ ಇರುವವರು. ನಿಂತಾಗ ಅರ್ಧ ಲೀಟರ್‌ಗೂ ಜಾಸ್ತಿ ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಆಗ ಕೆಲವು ನರಗಳು (ಇಂಗ್ಲಿಷಿನಲ್ಲಿ ಇವುಗಳ ವ್ಯವಸ್ಥೆಯೇ ‘ಅಟಾನಮಿಕ್ ನರ್ವಸ್ ಸಿಸ್ಟಮ್’) ನಮಗೆ ಗೊತ್ತೇ ಆಗದ ಹಾಗೆ ರಕ್ತನಾಳಗಳನ್ನು ಬಿಗಿ ಮಾಡಿ, ಎದೆಬಡಿತ ಸ್ವಲ್ಪ ಏರಿಸಿ, ತಲೆಗೆ ರಕ್ತ ತಲುಪಿಸುತ್ತವೆ. ಇದು ಸರಿಯಾಗಿ ನಡೆಯದಿದ್ದರೆ ಕಣ್ಣು ಕತ್ತಲೆ, ಎದೆ ಡವಡವ, ಮಲಗಿ ಎದ್ದರೂ ಹೋಗದ ಸುಸ್ತು.

ನನ್ನ ಸಾಲು ಹೀಗಿದೆ: ‘ನಿಮ್ಮ ಸುಸ್ತು ಸೋಮಾರಿತನ ಅಲ್ಲ, ಅದಕ್ಕೆ ______ ಕಾರಣ ಇರಬಹುದು.’ ಖಾಲಿ ಜಾಗಕ್ಕೆ ಸ್ವಯಂಚಾಲಿತ ನರವ್ಯೂಹವೋ, ಸ್ವಾಯತ್ತ ನರಮಂಡಲವೋ? ಮತ್ತೆ ‘ಫಟೀಗ್’ಗೆ ‘ಸುಸ್ತು’ ಸಾಕೋ, ಆಯಾಸ, ಬಳಲಿಕೆ ಅನ್ನಬೇಕೋ?

– ಬೆಂಗಳೂರಿನಿಂದ

———

‘ಸ್ವಯಂಚಾಲಿತ’ ತಪ್ಪು. ಅದು ಆಟೋಮ್ಯಾಟಿಕ್. ಕೇಂಬ್ರಿಜ್‌ನ ಶರೀರಕ್ರಿಯಾ ವಿಜ್ಞಾನಿ ಲ್ಯಾಂಗ್ಲಿ 1898ರಲ್ಲಿ ಈ ಹೆಸರು ಇಟ್ಟಾಗ ಗ್ರೀಕಿನ ಎರಡು ಪದ ಕೂಡಿಸಿದ. ಆಟೋಸ್ ಅಂದರೆ ತಾನು, ನೋಮೊಸ್ ಅಂದರೆ ಕಟ್ಟಳೆ. ಸ್ವ + ಆಯತ್ತ, ತನಗೆ ತಾನೇ ಅಧೀನ. ಸ್ವಾಯತ್ತ ಒಂದೇ ಸರಿ. ಚರ್ಚೆ ಬೇಕಿಲ್ಲ.

– ಮೈಸೂರಿನಿಂದ

———

ಚರ್ಚೆ ಬೇಕಿಲ್ಲ ಅನ್ನುವುದಕ್ಕೆ ಇದು ಪದಚರ್ಚೆ ಅಲ್ವಾ? ಆ ನರಗಳಿಗೆ ನಿಜವಾಗಿ ಇರುವುದಕ್ಕಿಂತ ಜಾಸ್ತಿ ಸ್ವಾತಂತ್ರ್ಯ ಇದೆ ಅನ್ನುವ ಹಾಗೆ ಈ ಪದ ಕೇಳಿಸುತ್ತದೆ ಎಂದು ಲ್ಯಾಂಗ್ಲಿಯೇ ಒಪ್ಪಿಕೊಂಡಿದ್ದ. ಇಟ್ಟವನಿಗೇ ಅನುಮಾನವಿದ್ದ ಪದವನ್ನು ನಾವು ಸಂಸ್ಕೃತದಲ್ಲಿ ಯಾಕೆ ಹೊರಬೇಕು?

ನರ ಅಚ್ಚಗನ್ನಡ, ತಮಿಳಿನ ನರಂಬು ನೋಡಿ. ಅದರ ಬೆನ್ನಿಗೆ ವ್ಯೂಹ ಯಾಕೆ, ಯುದ್ಧಕ್ಕೆ ಹೊರಟಿದೆಯಾ? ‘ತನ್ನಾಳಿಕೆಯ ನರಕಟ್ಟು’ ಅನ್ನಿ. ಮೊದಮೊದಲು ಕಿವಿಗೆ ಒಗ್ಗುವುದಿಲ್ಲ, ಆಮೇಲೆ ಒಗ್ಗುತ್ತದೆ.

– ಶಿವಮೊಗ್ಗದಿಂದ

———

ಪ್ರಿಂಟಿಗೆ ಸಂಜೆ ಹೋಗುತ್ತದೆ. ಕಿವಿ ಒಗ್ಗುವ ತನಕ ಪ್ರೆಸ್ಸಿನವರು ಕಾಯುತ್ತಾರಾ?

– ಮೈಸೂರಿನಿಂದ

———

ಹಳ್ಳಿ ಕಡೆ ಆರೋಗ್ಯದ ಕೆಲಸ ಮಾಡುವವಳು ನಾನು. ಇಬ್ಬರ ಪದವೂ ಪೋಸ್ಟರ್‌ನಲ್ಲಿ ನಿಲ್ಲುವುದಿಲ್ಲ. ಸ್ವಾಯತ್ತ ಅಂದರೆ ಜನರಿಗೆ ನೆನಪಾಗುವುದು ಸ್ವಾಯತ್ತ ಕಾಲೇಜು. ಇನ್ನು ‘ನರ’. ಕಾಲಿನ ರಕ್ತನಾಳ ದಪ್ಪವಾದರೂ ‘ನರ ಉಬ್ಬಿದೆ’, ಕತ್ತು ಹಿಡಿದರೂ ‘ನರ ಹಿಡಿದಿದೆ’. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ‘ನರದೌರ್ಬಲ್ಯಕ್ಕೆ ಚಿಕಿತ್ಸೆ’ ಅಂತ ಬರೆದಿರುತ್ತಾರಲ್ಲ, ಅದು ಯಾರಿಗೆ, ಯಾತಕ್ಕೆ ಅಂತ ಎಲ್ಲರಿಗೂ ಗೊತ್ತು. ‘ನಿಮ್ಮ ಸುಸ್ತಿಗೆ ನರ ಕಾರಣ’ ಅಂತ ದೊಡ್ಡದಾಗಿ ಹಾಕಿದರೆ ಹೆಂಗಸರು ಮುಸಿಮುಸಿ ನಕ್ಕು ಮುಂದೆ ಹೋಗುತ್ತಾರೆ.

ಅದಕ್ಕಿಂತ ಮುಖ್ಯ, ಆ ಸಾಲೇ ದುಡುಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಥೈರಾಯ್ಡ್ ಬೇರೆ ಇದೆ. ಮೊದಲು ಅವನ್ನು ನೋಡಿಸಲಿ. ಅವೆಲ್ಲ ಸರಿಯಿದ್ದೂ, ತಿಂಗಳುಗಟ್ಟಲೆ ಎದ್ದು ನಿಂತರೆ ತೊಂದರೆ ಅಂದರೆ ಆಗ ಈ ಮಾತು. ನಿಂತ 10 ನಿಮಿಷದೊಳಗೆ ಎದೆಬಡಿತ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಏರಿ, ಬಿಪಿ ಮಾತ್ರ ಅಷ್ಟಾಗಿ ಇಳಿಯದಿದ್ದರೆ ಡಾಕ್ಟರು ‘ಪಾಟ್ಸ್’ (POTS) ಅನ್ನುತ್ತಾರೆ. 1993ರಲ್ಲಿ ಬಂದ ಹೆಸರು. ಜಾಸ್ತಿ ಕಾಣಿಸುವುದು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲೇ. ಬಿಪಿ ನೋಡಿದರೆ ಸರಿಯಾಗೇ ಇರುತ್ತದೆ, ‘ಟೆನ್ಶನ್ ಬಿಡಮ್ಮ’ ಅಂತ ವಾಪಸ್ ಕಳಿಸುತ್ತಾರೆ. (ಪಾಟ್ಸ್‌ಗೆ ಕನ್ನಡ ಹುಡುಕಬೇಡಿ, ಕೈ ಮುಗಿಯುತ್ತೇನೆ.)

– ತುಮಕೂರಿನ ಕಡೆಯಿಂದ

———

ನರವನ್ನು ನೀವು ನೋಡಿಕೊಳ್ಳಿ, ನನ್ನ ತಕರಾರು ‘ಸುಸ್ತು’ ಬಗ್ಗೆ. ಅದು ಫಾರಸಿ. ಹಿಂದಿಯಲ್ಲಿ ಸುಸ್ತ್ ಅಂದರೆ ಸೋಮಾರಿ. ಅಂದರೆ ನೀವು ‘ನಿಮ್ಮ ಸೋಮಾರಿತನ ಸೋಮಾರಿತನ ಅಲ್ಲ’ ಅಂತ ಬರೆದ ಹಾಗಾಯಿತು! ಬ್ಯಾಂಕಿನ ನೋಟೀಸಿನ ‘ಸುಸ್ತಿದಾರ’ ಕೂಡ ಇದೇ ಮನೆತನ. ಸಂಘದ ಸಾಲ ಇರುವವರು ಬೆಚ್ಚಿ ಬೀಳುತ್ತಾರೆ.

ದಣಿವು ಅನ್ನಿ. ದಣಿ, ತಣಿ ಒಂದೇ ಬೇರು. ಕಣ್ದಣಿಯೆ ನೋಡುವುದು, ಮನದಣಿಯೆ ಹಾಡುವುದು. ಮೈತುಂಬ ದುಡಿದ ಮೇಲೆ ಬರುವುದು ದಣಿವು. ಅದರಲ್ಲಿ ಒಂದು ತೃಪ್ತಿ ಇದೆ. ಇಂಥ ಪದ ಮನೆಯಲ್ಲೇ ಇಟ್ಟುಕೊಂಡು ಫಾರಸಿ ಯಾಕೆ?

– ಧಾರವಾಡದಿಂದ

———

ತೃಪ್ತಿ ಇದೆ ಅಂತಲೇ ಅದು ಇಲ್ಲಿಗೆ ಬೇಡ. ದಣಿವು ಆರುತ್ತದೆ, ‘ದಣಿವಾರಿಸಿಕೊಳ್ಳುವುದು’ ಅಂತಲೇ ಇದೆ ಅಲ್ವಾ. ಇವರು ಕೇಳುತ್ತಿರುವುದು ಆರದೇ ಇರುವುದಕ್ಕೆ. ಮೇಲಾಗಿ ಆರಿಸಿಕೊಳ್ಳುವುದಕ್ಕೆ ಹೊತ್ತು ಯಾರಿಗಿದೆ? 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97. ಪೋಸ್ಟರ್‌ನಲ್ಲಿ ‘ವಿಶ್ರಾಂತಿ ಪಡೆಯಿರಿ’ ಅಂತ ಎಲ್ಲಾದರೂ ಇದ್ದರೆ ದಯವಿಟ್ಟು ತೆಗೆದುಬಿಡಿ.

ನಮ್ಮ ಕಡೆ ‘ಬಚ್ಚುವುದು’ ಅನ್ನುತ್ತೇವೆ. ತುಳುವಿನಲ್ಲೂ ಇದೆ. ಬೆಂಗಳೂರಿನಲ್ಲಿ ನಡೆಯುವುದಿಲ್ಲ, ಸುಮ್ನೆ ಹೇಳಿದೆ.

– ಕುಂದಾಪುರದಿಂದ

———

‘ನಿತ್ರಾಣ’ ಯಾಕೆ ಯಾರಿಗೂ ಹೊಳೆಯಲಿಲ್ಲ? ‘ಮೈಯಲ್ಲಿ ತ್ರಾಣ ಇಲ್ಲ’ ಅಂತ ನಮ್ಮ ಅಜ್ಜಿಯರೆಲ್ಲ ಹೇಳುವುದು ಇದನ್ನೇ.

– ದಾವಣಗೆರೆಯಿಂದ

———

ಅದೂ ಸಂಸ್ಕೃತ.

– ಶಿವಮೊಗ್ಗದಿಂದ

———

ಸಂಸ್ಕೃತದಲ್ಲಿ ತ್ರಾಣ ಅಂದರೆ ಕಾಪಾಡುವುದು. ಕಸುವು ಅನ್ನುವ ಅರ್ಥದಲ್ಲಿ ದಿನಬಳಕೆಗೆ ತಂದುಕೊಂಡವರು ನಾವು. ಸುಸ್ತೂ ಹಾಗೆಯೇ. ಹಿಂದಿಯವರ ಸುಸ್ತಿನಲ್ಲಿ ಬೈಗುಳ ಇದೆ, ನಮ್ಮದರಲ್ಲಿ ಇಲ್ಲ. ಜ್ವರ ಬಿಟ್ಟು ಎದ್ದ ಮಗುವಿಗೆ ‘ಸುಸ್ತಾಗಿದೆ, ಮಲಗಲಿ’ ಅನ್ನುತ್ತೇವೆ, ಅದು ಸೋಮಾರಿ ಅಂತಲ್ಲ. ಅರ್ಥ ಬದಲಾಗುವಷ್ಟು ಕಾಲ ಇಲ್ಲಿ ಬಾಳಿದ ಪದದ ಪಾಸ್‌ಪೋರ್ಟ್ ಕೇಳುವುದು ಯಾವ ಭಾಷಾಪ್ರೇಮ?

– ದಾವಣಗೆರೆಯಿಂದ

———

ಹೀಗೆ ಬಾಗಿಲು ತೆಗೆದಿಟ್ಟೇ ಇವತ್ತು ‘ಟಯರ್ಡ್ ಆಗಿದೆ’ ತನಕ ಬಂದಿದ್ದೇವೆ. ಎರವಲು ತಂದವರು ಯಾವತ್ತೂ ‘ಇದು ನಮ್ಮದೇ ಆಗಿಬಿಟ್ಟಿದೆ’ ಅಂತಲೇ ಹೇಳುವುದು. ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

– ಶಿವಮೊಗ್ಗದಿಂದ

———

ನಿಲ್ಲಿಸಿದ್ದಕ್ಕೆ ಧನ್ಯವಾದ. ಸ್ವಾಯತ್ತ ಮರೆಯಬೇಡಿ.

– ಮೈಸೂರಿನಿಂದ

———

ಎಲ್ಲರಿಗೂ ಥ್ಯಾಂಕ್ಸ್. ಸೋಮಾರಿತನದ ಸಾಲು ತೆಗೆದೆ. ಸುಸ್ತು ಇಟ್ಟುಕೊಂಡೆ, ಯಾಕೆಂದರೆ ಫ್ಯಾಕ್ಟರಿಯಲ್ಲಿ ಮಾತಾಡಿಸಿದವರೆಲ್ಲ ಬಳಸಿದ್ದು ಅದನ್ನೇ. ಈಗ ಹೀಗಿದೆ:

‘ಮಲಗಿ ಎದ್ದರೂ ಸುಸ್ತು ಹೋಗ್ತಿಲ್ವಾ? ನಿಂತರೆ ಕಣ್ಣು ಕತ್ತಲೆ ಬರುತ್ತಾ? ಎದೆ ಡವಡವ ಅನ್ನುತ್ತಾ? ಮೊದಲು ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅವು ಸರಿಯಿದ್ದರೆ, ಮಲಗಿದಾಗ ಮತ್ತು ನಿಂತಾಗ ಎದೆಬಡಿತ ಎಣಿಸಿ ನೋಡಿ ಎಂದು ಡಾಕ್ಟರನ್ನು ಕೇಳಿ. ನಿಂತು ಕೆಲಸ ಮಾಡುವಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ಮೀನಖಂಡ ಹಿಂಡಿದಾಗ ರಕ್ತ ಮೇಲೆ ಹೋಗುತ್ತದೆ.’

ಕೆಳಗೆ ಚಿತ್ರದ ಪಕ್ಕ: ‘ಎದೆಬಡಿತ, ಬೆವರು, ಜೀರ್ಣಕ್ರಿಯೆ ಇವನ್ನೆಲ್ಲ ನಾವು ಹೇಳದೆಯೇ ನಡೆಸುವ ನರಗಳು.’ ಅದರಡಿ ಸಣ್ಣ ಅಕ್ಷರದಲ್ಲಿ ‘ಸ್ವಾಯತ್ತ ನರವ್ಯೂಹ’. ನರ ಅನ್ನುವುದು ಚಿತ್ರದ ಜೊತೆ ಮಾತ್ರ ಬರುತ್ತದೆ, ತಲೆಬರಹದಲ್ಲಿ ಇಲ್ಲ.

– ಬೆಂಗಳೂರಿನಿಂದ

———

ಜೀರ್ಣಕ್ರಿಯೆ ಯಾಕೆ? ‘ಅರಗುವುದು’ ಇದೆಯಲ್ಲ.

– ಶಿವಮೊಗ್ಗದಿಂದ

———

ಹೌದು, ಅದು ಒಳ್ಳೆಯದು. ‘ಉಂಡದ್ದು ಅರಗುವುದು’ ಅಂತ ಮಾಡಿದೆ. ಫೈಲ್ ಕಳಿಸಿದೆ.

– ಬೆಂಗಳೂರಿನಿಂದ