ಸಂಪ್ ಕಂಟ್ರೋಲರ್‌ಗೆ ಯಾವ ಬಾಕ್ಸು, ಯಾವ ಡಿಸ್‌ಪ್ಲೇ? ಮಾಡಿ ನೋಡಿದವರು ಹೇಳಿ

ನಮ್ಮ ಅಪಾರ್ಟ್‌ಮೆಂಟ್‌ಗೆ ಅಂತ ಸಂಪ್-ಟ್ಯಾಂಕ್ ವಾಟರ್ ಲೆವೆಲ್ ಕಂಟ್ರೋಲರ್ ಮಾಡಿದೀನಿ, ಇಎಸ್‌ಪಿ32 ಬೋರ್ಡು (ವೈಫೈ ಇರೋ ಚಿಕ್ಕ ಕಂಟ್ರೋಲರ್), ಆರು ತಿಂಗಳಿಂದ ಅಡುಗೆಮನೆ ಪ್ಲಾಸ್ಟಿಕ್ ಡಬ್ಬಿಯಲ್ಲೇ ಚೆನ್ನಾಗಿ ಓಡ್ತಿದೆ. ಈಗ ಅಕ್ಕಪಕ್ಕದವ್ರು ನಮಗೂ ಬೇಕು ಅಂತಿದಾರೆ, ಒಟ್ಟು 15 ಪೀಸ್. ದುಡ್ಡು ತಗೊಂಡು ಕೊಡೋದು ಅಂದ್ಮೇಲೆ ನೋಡೋಕೂ ಕಂಪನಿ ಮಾಲಿನ ಥರ ಇರ್ಬೇಕಲ್ವಾ. ನೀವೆಲ್ಲ ಏನು ತಗೊಂಡ್ರಿ, ಎಲ್ಲಿ ಮಾಡಿಸಿದ್ರಿ?

—

ಮೇಡಂ, ಪಿಸಿಬಿ (ಪಾರ್ಟ್ಸ್ ಕೂರಿಸೋ ಸರ್ಕ್ಯೂಟ್ ಬೋರ್ಡು) ಇನ್ನೂ ಆರ್ಡರ್ ಮಾಡಿಲ್ಲ ಅಂದ್ರೆ ದಯವಿಟ್ಟು ತಡೀರಿ. ನಾನು ಬೋರ್‌ವೆಲ್ ಟೈಮರ್ ಮಾಡ್ದಾಗ ಮೊದ್ಲು ಬೋರ್ಡ್ ಮಾಡಿಸ್ಕೊಂಡು ಆಮೇಲೆ ಬಾಕ್ಸ್ ಹುಡುಕ್ಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋದೆ, ಒಂದ್ರಲ್ಲಿ ಸ್ಕ್ರೂ ಪಿಲ್ಲರ್ ಅಡ್ಡ ಬರುತ್ತೆ, ಇನ್ನೊಂದ್ರಲ್ಲಿ ಪಿಲ್ಲರ್ ಸರಿಯಿದ್ರೆ ಮುಚ್ಚಳ ರಿಲೇಗೆ ತಾಗುತ್ತೆ, ಮೂರು ಶನಿವಾರ ಅಲೆದು ಕೊನೆಗೆ ಬೋರ್ಡನ್ನೇ ಮತ್ತೆ ಮಾಡಿಸ್ದೆ. ಬಾಕ್ಸು, ಡಿಸ್‌ಪ್ಲೇ ಎರಡೂ ಕೈಗೆ ಬರ್ಲಿ, ವರ್ನಿಯರ್ ಇಟ್ಟು ಅಳೀರಿ, ಆಮೇಲೆ ಬೋರ್ಡ್. 15 ಬಾಕ್ಸೂ ಒಂದೇ ಸಲ ತಗೊಳ್ಳಿ, ಮುಂದಿನ ತಿಂಗಳು ಹೋದ್ರೆ ಅದೇ ಸೈಜ್ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಇಎಸ್‌ಪಿ32 ಅಂದ್ರಲ್ಲ, ವೈಫೈ ಬಳಸ್ತಿದ್ರೆ ಕಬ್ಬಿಣದ ಬಾಕ್ಸ್ ಬೇಡ, ಮುಚ್ಚಳ ಹಾಕಿದ ತಕ್ಷಣ ಸಿಗ್ನಲ್ ಬಿದ್ದೋಗುತ್ತೆ. ಹೊರಗಡೆ ಆಂಟೆನಾ ತೆಗೆಯೋದಾದ್ರೆ ಬೇರೆ ಮಾತು. ನನ್ನ ಆಯ್ಕೆ ಐಪಿ65 ಪಾಲಿಕಾರ್ಬೊನೇಟ್ ಬಾಕ್ಸು, ಪಾರದರ್ಶಕ ಮುಚ್ಚಳದ್ದು. 6 ಅಂದ್ರೆ ಧೂಳು ಒಳಗೆ ಹೋಗಲ್ಲ, 5 ಅಂದ್ರೆ ಪೈಪಲ್ಲಿ ನೀರು ಹೊಡೆದ್ರೂ ತಡೆಯುತ್ತೆ. ಆದ್ರೆ ಡಿಸ್‌ಪ್ಲೇಗೆ ಅಂತ ಮುಚ್ಚಳ ಕತ್ತರಿಸಿ ರಬ್ಬರ್ ಗ್ಯಾಸ್ಕೆಟ್ ಇಲ್ದೆ ಕೂರಿಸಿದ್ರೆ ಆ 65ಕ್ಕೆ ಅರ್ಥವೇ ಇಲ್ಲ. ಪಾರದರ್ಶಕ ಮುಚ್ಚಳ ಆದ್ರೆ ಡಿಸ್‌ಪ್ಲೇ ಒಳಗೇ ಇರುತ್ತೆ, ಕತ್ತರಿಸೋ ಕೆಲಸವೇ ಇಲ್ಲ. ವೈರೆಲ್ಲ ಕೆಳಗಿನಿಂದ, ಕೇಬಲ್ ಗ್ಲ್ಯಾಂಡ್ (ತೂತಲ್ಲಿ ವೈರನ್ನ ಬಿಗಿಯಾಗಿ ಹಿಡಿಯೋ ನಟ್) ಹಾಕಿ ತಗೊಳ್ಳಿ, ಮೇಲಿಂದ ತಂದ್ರೆ ಮಳೇಲಿ ವೈರ್ ಹಿಡ್ಕೊಂಡೇ ನೀರು ಇಳಿಯುತ್ತೆ. ತ್ರೀಡಿ ಪ್ರಿಂಟ್ ಮಾಡಿಸೋ ಯೋಚನೆ ಇದ್ರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡವೇ ಬೇಡ, 60 ಡಿಗ್ರಿ ಹತ್ರ ಮೆತ್ತಗಾಗುತ್ತೆ, ಏಪ್ರಿಲ್ ಬಿಸಿಲಲ್ಲಿ ಟೆರೇಸ್ ಮೇಲಿನ ಮುಚ್ಚಿದ ಬಾಕ್ಸ್ ಅಷ್ಟು ಕಾಯೋದು ಕಷ್ಟವೇನಲ್ಲ.

ಡಿಸ್‌ಪ್ಲೇ ವಿಷ್ಯಕ್ಕೆ ಬರೋಣ. ಓದೋರು ಯಾರು? ನೀವಲ್ಲ, ವಾಚ್‌ಮನ್. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಬಂದು ನೋಡ್ತಾರೆ. 0.96 ಇಂಚಿನ ಓಎಲ್‌ಇಡಿ ಮೇಜಿನ ಮೇಲೆ ಎಷ್ಟು ಚೆನ್ನಾಗಿದ್ರೂ ನಾಲ್ಕು ಅಡಿ ದೂರದಿಂದ ಏನೂ ಕಾಣಲ್ಲ, ಹಗಲೂ ರಾತ್ರಿ ಒಂದೇ ಅಕ್ಷರ ತೋರಿಸ್ತಿದ್ರೆ ಅಷ್ಟು ಜಾಗ ಮಂಕಾಗ್ತಾ ಬರುತ್ತೆ. 16×2 ಎಲ್‌ಸಿಡಿ (ಸಾಲಿಗೆ 16 ಅಕ್ಷರ, ಎರಡು ಸಾಲು) ಗಟ್ಟಿ, ಅಗ್ಗ, ಆದ್ರೆ ಕನ್ನಡ ಬರಲ್ಲ. ನಾವೇ ಅಕ್ಷರ ಬರೆದು ಹಾಕೋಣ ಅಂದ್ರೆ ಒಮ್ಮೆಗೆ ಎಂಟೇ ಜಾಗ, ಅದೂ 5×8 ಚುಕ್ಕಿ, ಒತ್ತಕ್ಷರ ಎಲ್ಲಿ ಕೂರಿಸ್ತೀರಾ? ನಾನು 128×64 ಚುಕ್ಕಿಯ ಗ್ರಾಫಿಕ್ ಎಲ್‌ಸಿಡಿ ಹಾಕಿ ‘ಸಂಪ್ ಖಾಲಿ’, ‘ಮೋಟರ್ ಆನ್’ ಅಂತ ಚಿತ್ರದ ಥರ ಮಾಡಿ ತುಂಬಿಸ್ದೆ, ಪಕ್ಕದಲ್ಲಿ ಟ್ಯಾಂಕ್ ಮಟ್ಟಕ್ಕೆ ಐದು ದಪ್ಪ ಎಲ್‌ಇಡಿ. ನಮ್ಮ ವಾಚ್‌ಮನ್ ಅಣ್ಣ ಆಮೇಲೆ ಒಂದು ಸಲಾನೂ ಫೋನ್ ಮಾಡಿ ಇದೇನು ಬರ್ದಿದೆ ಅಂತ ಕೇಳಿಲ್ಲ, ನನಗೆ ಅದಕ್ಕಿಂತ ದೊಡ್ಡ ಖುಷಿ ಇನ್ನೊಂದಿಲ್ಲ.

—

ಮೇಲಿನವ್ರು ಹೇಳಿದ್ದು ಸರಿ, ಒಂದು ಸೇರಿಸ್ತೀನಿ. ಕಾಂಟ್ಯಾಕ್ಟರ್ (ಮೋಟರ್ ಆನ್-ಆಫ್ ಮಾಡೋ ದೊಡ್ಡ ಸ್ವಿಚ್) ಅದೇ ಬಾಕ್ಸಲ್ಲಿದ್ರೆ ಮೋಟರ್ ಆಫ್ ಆದಾಗೆಲ್ಲ ಎಲ್‌ಸಿಡಿ ಮೇಲೆ ಚಿತ್ರವಿಚಿತ್ರ ಅಕ್ಷರ ಬರ್ಬಹುದು. ನಾನು ಡಿಸ್‌ಪ್ಲೇ ಹಾಳು ಅಂದ್ಕೊಂಡು ಎರಡು ಬದಲಾಯಿಸ್ದೆ, ತಪ್ಪು ಡಿಸ್‌ಪ್ಲೇದಲ್ಲ. ಕಾಂಟ್ಯಾಕ್ಟರ್ ಕಾಯಿಲ್‌ಗೆ ಆರ್‌ಸಿ ಸ್ನಬ್ಬರ್ (ಆಫ್ ಆಗೋವಾಗಿನ ವೋಲ್ಟೇಜ್ ಜಿಗಿತ ತಗ್ಗಿಸೋ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಹಾಕಿ, ಡಿಸ್‌ಪ್ಲೇ ವೈರ್ ಗಿಡ್ಡ ಮಾಡಿ 230 ವೋಲ್ಟ್ ವೈರಿಂದ ದೂರ ಎಳೆದ ಮೇಲೆ ಆ ಕಾಟ ನಿಂತಿತು.

—

ವೈಫೈ ಬೇಡ ಅಂತಾದ್ರೆ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೀಟ್ ಮೆಟಲ್ ಬಾಕ್ಸೇ ಮಾಡಿಸಿ ಮೇಡಂ, ಡ್ರಾಯಿಂಗ್ ತಗೊಂಡೋದ್ರೆ ಕಟಿಂಗ್, ಬೆಂಡಿಂಗ್, ಪೌಡರ್ ಕೋಟಿಂಗ್ ಎಲ್ಲಾ ಆಗುತ್ತೆ, ಆದ್ರೆ 15 ಪೀಸ್‌ಗೆ ಒಪ್ಪೋ ಚಿಕ್ಕ ಶೆಡ್ ಹುಡುಕ್ಬೇಕು. ಅರ್ತ್ ಬೋಲ್ಟ್ ಕೂರೋ ಜಾಗದಲ್ಲಿ ಪೇಂಟ್ ಬೀಳದ ಹಾಗೆ ಟೇಪ್ ಹಾಕಿಸಿ, ಪೌಡರ್ ಮೇಲೆ ಬೋಲ್ಟ್ ಬಿಗಿದ್ರೆ ಅರ್ತ್ ಸರಿಯಾಗಿ ಸಿಗಲ್ಲ, ಬಾಗಿಲಿಗೂ ಬೇರೆ ಅರ್ತ್ ವೈರ್ ಎಳೀರಿ. ಮುಂದುಗಡೆಗೆ ಒಳಬದಿ ಪ್ರಿಂಟ್ ಆಗಿರೋ ಪಾಲಿಕಾರ್ಬೊನೇಟ್ ಸ್ಟಿಕ್ಕರ್ ಅಂಟಿಸಿ, ಡಿಸ್‌ಪ್ಲೇ ಜಾಗ ಪ್ರಿಂಟ್ ಇಲ್ದೆ ಹಾಗೇ ಬಿಡ್ಸಿ. ಕಟಿಂಗ್ ಅಂಚು ಸ್ವಲ್ಪ ಸೊಟ್ಟ ಇದ್ರೂ ಮುಚ್ಚೋಗುತ್ತೆ.