ಮಕ್ಕಳ ಮನಸ್ಸು: ದಾವಣಗೆರೆ ಪಾಲಕರ ಗುಂಪಿನ ಭಾನುವಾರದ ಪ್ರಶ್ನೋತ್ತರ

ಹರಿಹರದ ತಾಯಿ: ಮಗನಿಗೆ 3 ವರ್ಷ. ಮೊಬೈಲ್ ಇಲ್ಲದೆ ತುತ್ತು ಬಾಯಿಗಿಡಲ್ಲ ಮೇಡಂ.

ಡಾಕ್ಟರ್: ಹೋದ ವಾರವೂ ಹೇಳಿದ್ದೆ. ಊಟದ ಹೊತ್ತಿಗೆ ಮೊಬೈಲ್ ಬೇಡ, ನಿಮ್ಮದೂ ಬೇಡ.

ಜಗಳೂರಿನ ತಾಯಿ: ಮಗಳಿಗೆ 9 ವರ್ಷ. ಹಾಸಿಗೆ ಒದ್ದೆ ಮಾಡೋದು ಬಿಟ್ಟು ಆರು ವರ್ಷ ಆಗಿತ್ತು. ಎರಡು ತಿಂಗಳಿಂದ ಮತ್ತೆ ಶುರು. ಕೂದಲು ಕಿತ್ತುಕೊಂಡು ನೆತ್ತಿಯಲ್ಲಿ ರೂಪಾಯಿ ಅಗಲ ಬೋಳಾಗಿದೆ. ಮೆಕ್ಕೆಜೋಳ ಕೈಕೊಟ್ಟಿತು, ದಿನಾ ರಾತ್ರಿ ಸಾಲದ ಜಗಳ. ಸಿಟ್ಟಿನಲ್ಲಿ ನಾನೂ ಎರಡೇಟು ಹಾಕಿದ್ದೇನೆ.

ವಿದ್ಯಾನಗರದವರು: ಫಾರ್ವರ್ಡ್: ಹಠದ ಮಕ್ಕಳಿಗೆ ಹಾಲಲ್ಲಿ ಜಾಯಿಕಾಯಿ ತೇಯ್ದು ಕೊಡಿ, ಒಂದೇ ವಾರದಲ್ಲಿ ಗುಣ.

ಡಾಕ್ಟರ್: ಕೊಡಬೇಡಿ! ಜಾಸ್ತಿಯಾದರೆ ಅದು ವಿಷ. ಮಗು ಮಂಕಾಗೋದು ಗುಣ ಅಲ್ಲ. ಇಂಥದ್ದು ಇವತ್ತು ಮೂರನೇದು.

ಜಗಳೂರಿನವರೇ, ಅವಳು ಬೇಕಂತ ಮಾಡ್ತಿಲ್ಲ. ನಿಂತಿದ್ದು ಮತ್ತೆ ಶುರುವಾದರೆ ಮನಸ್ಸಿನ ಭಯ ಇರಬಹುದು. ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆಯೂ ಇರಬಹುದು. ಮೊದಲು ಅವನ್ನು ನೋಡಬೇಕು. ಕಿತ್ತ ಕೂದಲು ಏನು ಮಾಡ್ತಾಳೆ? ನುಂಗಿದರೆ ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತೆ. ಕೈ ಮೇಲೆ ಹೊಡೆದು ಬಿಡಿಸಬೇಡಿ, ಹೂ ಕಟ್ಟೋಕೆ ಕೂರಿಸಿಕೊಳ್ಳಿ. ಬೆಳಗ್ಗೆ ಒದ್ದೆ ಬಟ್ಟೆ ಸುಮ್ನೆ ತೆಗೆಯಿರಿ, ಯಾರ ಮುಂದೆಯೂ ಹೇಳಬೇಡಿ. ಸಾಲದ ಮಾತು ಅವಳ ಕಿವಿಗೆ ಬೀಳದ ಹಾಗೆ ಆಡಿ. ಹೊಡೆದಿದ್ದಕ್ಕೆ 'ತಪ್ಪಾಯ್ತು ಪುಟ್ಟಿ' ಅನ್ನಿ, ಅದರಿಂದ ನೀವು ಸಣ್ಣವರಾಗಲ್ಲ. ನಿಮಗೂ ಸಾಕಾಗಿದೆ, ಗೊತ್ತಾಗುತ್ತೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ರಾತ್ರಿಯೂ ಕನ್ನಡದಲ್ಲೇ ಮಾತಾಡ್ತಾರೆ.

ಚನ್ನಗಿರಿಯ ತಂದೆ: ಎಂಟನೇ ಕ್ಲಾಸಿನ ಮಗ ಶಾಲೆ ಅಂದರೆ ಹೊಟ್ಟೆನೋವು ಅಂತಾನೆ. ಏನು ಮಾಡಲಿ?

ವಿದ್ಯಾನಗರದವರು: ನಮ್ಮಜ್ಜಿ ಜಾಯಿಕಾಯಿ ಕೊಡ್ತಿದ್ದರು, ನಮಗೇನಾಯ್ತು? ತಾಯಂದಿರು ಕೆಲಸಕ್ಕೆ ಹೋಗೋದಕ್ಕೇ ಮಕ್ಕಳು ಹೀಗಾಗೋದು.

ನಿಟ್ಟುವಳ್ಳಿಯವರು: ಏನ್ರೀ ಹಂಗಂದ್ರೆ? ಫೀಸು ನೀವು ಕಟ್ತೀರಾ? ಅಪ್ಪಂದಿರು ಎಲ್ಲಿರ್ತಾರೆ?

ವಿದ್ಯಾನಗರದವರು: ದೊಡ್ಡವರ ಹತ್ರ ಮಾತಾಡೋ ರೀತಿನಾ ಇದು?

ಹರಿಹರದ ತಾಯಿ: ಮೇಡಂ, ಟಿವಿ ಹಾಕಬಹುದಾ?

ಡಾಕ್ಟರ್: ಬೇಡ.

ನಿಟ್ಟುವಳ್ಳಿಯವರು: ದೊಡ್ಡತನ ಮಾತಲ್ಲಿ ಕಾಣಬೇಕು.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಇಲ್ಲಿ ಒಂದು ಮಗುವಿನ ವಿಷಯ ನಡೀತಿದೆ.

ಜಗಳೂರಿನ ತಾಯಿ: ಕೂದಲು ನುಂಗಲ್ಲ ಮೇಡಂ, ದಿಂಬಿನ ಕೆಳಗೆ ಇಡ್ತಾಳೆ. ನೀರು ಮಾತ್ರ ಚೊಂಬುಗಟ್ಟಲೆ ಕುಡೀತಾಳೆ. ಲಂಗವೂ ಸೊಂಟದಲ್ಲಿ ನಿಲ್ತಿಲ್ಲ.

ಡಾಕ್ಟರ್: ಹಾಗಾದ್ರೆ ನಾಳೆ ತನಕ ಕಾಯಬೇಡಿ. ಇವತ್ತೇ ತಾಲ್ಲೂಕು ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡಿಸಿ. ವಾಂತಿ, ಜೋರು ಉಸಿರು, ಮಂಕು ಕಂಡರೆ 108ಕ್ಕೆ ಕರೆ ಮಾಡಿ. ಫಲಿತಾಂಶ ನನಗೆ ನೇರ ಕಳಿಸಿ.