ದುಡುಕು ಸ್ವಭಾವ ಅಪ್ಪನ ಕಡೆಯಿಂದ ಬರುತ್ತದಾ? ಜೀನ್ ಟೆಸ್ಟ್ ಮಾಡಿಸಬಹುದಾ?

ಪೆರ್ಲದ ಸೊಸೆ:
ನಮ್ಮ ಮನೆಯ ಗಂಡಸರಿಗೆ ಹಿಂದು ಮುಂದು ನೋಡುವ ಅಭ್ಯಾಸವೇ ಇಲ್ಲ. ಮಾವ ಒಮ್ಮೆ ಪೇಟೆಗೆ ಹೋದವರು ತೋಟದ ಕೆಳಗಿನ ಜಾಗಕ್ಕೆ ಅಡ್ವಾನ್ಸ್ ತಗೊಂಡು ಬಂದು, ಊಟಕ್ಕೆ ಕೂತ ಮೇಲೆ ಅತ್ತೆಗೆ ವಿಷಯ ಹೇಳಿದ್ದರಂತೆ. ನನ್ನ ಗಂಡ ಓಣಂ ಬಂಪರ್ ಲಾಟರಿ ಬಂತೆಂದರೆ 500 ರೂಪಾಯಿಯ ಒಂದು ಟಿಕೆಟ್ ತಗೊಂಡು ಸುಮ್ಮನಿರುವವರಲ್ಲ, ಕಟ್ಟೇ ತರುತ್ತಾರೆ. ಈಗ ಮಗನ ಸರದಿ, ಒಂಬತ್ತನೇ ಕ್ಲಾಸು. ಪ್ರಶ್ನೆಪತ್ರಿಕೆಯಲ್ಲಿ 'ಯಾವುದಾದರೂ ಮೂರಕ್ಕೆ ಉತ್ತರಿಸಿ' ಅಂತಿದ್ದರೆ ಅದನ್ನು ಓದುವುದಿಲ್ಲ, ಐದಕ್ಕೂ ಬರೆಯಲು ಹೊರಡುತ್ತಾನೆ, ಕೊನೆಯ ಪುಟಕ್ಕೆ ಟೈಮೇ ಇರುವುದಿಲ್ಲ. ಸಿಟ್ಟು ಬಂದರೆ ಕೈಯಲ್ಲಿದ್ದದ್ದು ಹಾರುತ್ತದೆ. ಅತ್ತೆ 'ಹುಟ್ಟುಗುಣ ಸುಟ್ಟರೂ ಹೋಗದು' ಅಂತ ಕೈ ತೊಳೆದುಕೊಂಡಿದ್ದಾರೆ. ಮೊನ್ನೆ ಮೊಬೈಲಲ್ಲಿ ಒಂದು ಜಾಹೀರಾತು ಬಂತು. ಎಂಜಲು ಕಳಿಸಿದರೆ 'ಯೋಧನ ಜೀನ್' ಉಂಟಾ ನೋಡಿ ಸ್ವಭಾವ ಹೇಳುತ್ತಾರಂತೆ. ಮಾಡಿಸಿದರೆ ಏನಾದರೂ ಪ್ರಯೋಜನ ಉಂಟಾ?

ಕುಂಬಳೆ ಕಟ್ಟೆ:
ಮೂರು ತಲೆಮಾರು ಒಂದೇ ಥರ ಅಂದ ಮೇಲೆ ರಕ್ತದಲ್ಲೇ ಬಂದದ್ದು. ಅದಕ್ಕೆ ಟೆಸ್ಟ್ ಬೇರೆ ಎಂತಕ್ಕೆ ಮಾರಾಯ್ರೇ?

ನೀರ್ಚಾಲು ಲ್ಯಾಬ್:
ಅಕ್ಕಾ, ದುಡ್ಡು ಕಳಕೊಳ್ಳಬೇಡಿ. ನಾನು ಜೆನೆಟಿಕ್ಸ್ ಓದಿದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಜಾಹೀರಾತಿನ ಆ ಜೀನಿನ ಹೆಸರು ಎಂಎಒಎ. ಮಿದುಳಿನಲ್ಲಿ ಸೆರೊಟೋನಿನ್, ಡೋಪಮೈನ್ ಥರದ ಸಂದೇಶ ಒಯ್ಯುವ ರಾಸಾಯನಿಕಗಳನ್ನು ಒಡೆದು ಹಾಕುವ ಕಿಣ್ವ ಇದರಿಂದ ತಯಾರಾಗುತ್ತದೆ. ಇದು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ, ಅಪ್ಪ ಕೊಡುವುದು ವೈ. ಅಂದರೆ ನಿಮ್ಮ ಮಾವನ ಎಂಎಒಎ ನಿಮ್ಮ ಗಂಡನಿಗೇ ಬಂದಿಲ್ಲ, ಇನ್ನು ಮಗನಿಗೆ ಎಲ್ಲಿಂದ ಬರಬೇಕು? ಟೆಸ್ಟಿನಲ್ಲಿ ಅದು ಸಿಕ್ಕಿತು ಅಂತಿಟ್ಟುಕೊಳ್ಳಿ, ಅದು ನಿಮ್ಮ ತವರಿನದ್ದು ಅಂತ ಆಗುತ್ತದೆ. ಅತ್ತೆಯವರಿಗೆ ಈ ಪಾಯಿಂಟ್ ಸಿಗದ ಹಾಗೆ ನೋಡಿಕೊಳ್ಳಿ.

ಈ ಜೀನು ಸುದ್ದಿಯಾದದ್ದು 1993ರಲ್ಲಿ. ನೆದರ್ಲೆಂಡ್ಸಿನ ಒಂದು ಕುಟುಂಬದಲ್ಲಿ ಕೆಲವು ಗಂಡಸರು ಸಣ್ಣದಕ್ಕೂ ಕೈ ಎತ್ತುವವರು, ಬುದ್ಧಿಯ ಬೆಳವಣಿಗೆಯೂ ಸ್ವಲ್ಪ ಕಡಿಮೆ. ತಳಿವಿಜ್ಞಾನಿ ಹಾನ್ ಬ್ರೂನರ್ ತಂಡ ನೋಡಿದಾಗ ಅವರಲ್ಲಿ ಎಂಎಒಎ ಕೆಲಸವೇ ಮಾಡುತ್ತಿರಲಿಲ್ಲ. ಅಂಥದ್ದು ತೀರಾ ಅಪರೂಪ. ಜಾಹೀರಾತಿನವರು ನೋಡುವುದು ಅದನ್ನಲ್ಲ, ಕಿಣ್ವ ಸ್ವಲ್ಪ ಕಡಿಮೆ ಮಾಡುವ ಸಾಮಾನ್ಯ ನಮೂನೆಯನ್ನು. ಯುರೋಪಿನ ಗಂಡಸರಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಅದು ಇದೆ. ಅಷ್ಟು ಜನ ಜಗಳಗಂಟರಾ? ನ್ಯೂಜಿಲೆಂಡಿನ ಡನೆಡಿನ್‌ನ ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತಾ ಬಂದವರು 2002ರಲ್ಲಿ ಹೇಳಿದ್ದೂ ಇಷ್ಟೇ: ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಆ ನಮೂನೆಯೂ ಇದ್ದರೆ ಪುಂಡಾಟ ಜಾಸ್ತಿ.

ಹಾಗಂತ ವಂಶದಿಂದ ಏನೂ ಬರುವುದಿಲ್ಲ ಅಂತಲ್ಲ. ಅವಳಿಗಳ ಮೇಲಿನ ಅಧ್ಯಯನಗಳನ್ನೆಲ್ಲ ಸೇರಿಸಿ 2011ರಲ್ಲಿ ಲೆಕ್ಕ ಹಾಕಿದಾಗ, ದುಡುಕಿನಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟು ಜೀನುಗಳಿಂದ ಅಂತ ಬಂತು. ಆದರೆ ಆ ಅರ್ಧ ಒಂದೇ ಜೀನಿನಲ್ಲಿ ಕೂತಿಲ್ಲ, ನೂರಾರು ಸಾವಿರಾರು ಕಡೆ ಚೂರುಚೂರಾಗಿ ಹಂಚಿಹೋಗಿದೆ. 2023ರಲ್ಲಿ 1 ಲಕ್ಷಕ್ಕಿಂತ ಜಾಸ್ತಿ ಜನರ ಡಿಎನ್‌ಎ ಜಾಲಾಡಿದಾಗ ಗಟ್ಟಿಯಾಗಿ ಎದ್ದು ಬಂದದ್ದು 3ನೇ ಕ್ರೋಮೋಸೋಮಿನ ಸಿಎಡಿಎಂ2 ಎಂಬ ಜೀನು. ಅದನ್ನು ತೆಗೆದ ಇಲಿಗಳಲ್ಲಿ ದುಡುಕು ಕಡಿಮೆಯಾಯಿತು, ನಿಜ. ಆದರೆ ಡಿಎನ್‌ಎಯಲ್ಲಿ ಅಳೆದ ಅಷ್ಟೂ ಸಾಮಾನ್ಯ ವ್ಯತ್ಯಾಸಗಳನ್ನು ಒಟ್ಟು ಹಾಕಿದರೂ ದುಡುಕಿನ ವ್ಯತ್ಯಾಸದಲ್ಲಿ ಅವುಗಳ ಪಾಲು ಹೆಚ್ಚೆಂದರೆ ಶೇಕಡಾ 10ರ ಆಸುಪಾಸು. ಅದೂ ಯುರೋಪ್ ಮೂಲದವರಲ್ಲಿ ಮಾಡಿದ ಲೆಕ್ಕ, ಪೆರ್ಲದ ಹುಡುಗನಿಗೆ ಅದನ್ನು ಸೀದಾ ಅನ್ವಯಿಸಲು ಆಗುವುದಿಲ್ಲ.

ಮುಳ್ಳೇರಿಯದ ಮಾಷ್ಟ್ರು:
ಒಳ್ಳೆಯ ತಾಯಿಮರ ನೋಡಿ ಬೀಜದ ಅಡಿಕೆ ಆರಿಸಿದರೂ ಸಸಿಗಳೆಲ್ಲ ಒಂದೇ ಥರ ಫಸಲು ಕೊಡುವುದಿಲ್ಲ, ತೋಟ ಇರುವವರಿಗೆಲ್ಲ ಗೊತ್ತಿರುವ ವಿಷಯ. ಆದರೆ ನನಗೊಂದು ತಕರಾರು. ಅಪ್ಪ ಚೆಂಬು ಎಸೆಯುವುದನ್ನು ನೋಡಿಯೇ ಮಗ ಕಲಿತಿರಬಹುದಲ್ವಾ? ಅದು ಯಾವ ಲೆಕ್ಕಕ್ಕೆ ಬಂತು?

ಇನ್ನೊಂದು, ನೀವು ಬರೆದದ್ದು ಒಂದೇ ಗುಣವೂ ಅಲ್ಲ. ಸಿಟ್ಟಿನ ಭರದಲ್ಲಿ ಏನೋ ಮಾಡಿಬಿಡುವುದು ಒಂದು, ಮೊದಲೇ ಯೋಚಿಸದಿರುವುದು ಇನ್ನೊಂದು, ಹಿಡಿದ ಕೆಲಸ ಮುಗಿಸದಿರುವುದು ಮತ್ತೊಂದು, ಥ್ರಿಲ್ ಬೇಕು ಅನ್ನುವುದು ಬೇರೆಯೇ. 2001ರಿಂದ ಮನಶ್ಶಾಸ್ತ್ರದವರೂ ಹೀಗೆ ಬಿಡಿಸಿಯೇ ನೋಡುತ್ತಾರೆ. ಪ್ರಶ್ನೆ ಪೂರ್ತಿ ಓದದೆ ಬರೆಯುವ ಮಕ್ಕಳು ನನ್ನ ಕ್ಲಾಸಿನಲ್ಲಿ ಎಷ್ಟೋ ಮಂದಿ, ಅವರಲ್ಲಿ ತುಂಬ ಸಾಧು ಸ್ವಭಾವದವರೂ ಇದ್ದಾರೆ.

ನೀರ್ಚಾಲು ಲ್ಯಾಬ್:
ಮಾಷ್ಟ್ರೇ, ನ್ಯಾಯವಾದ ಪ್ರಶ್ನೆ. ವಿಚಿತ್ರ ಏನೆಂದರೆ ಅವಳಿಗಳ ಲೆಕ್ಕದಲ್ಲಿ ಮಕ್ಕಳೆಲ್ಲ ಹಂಚಿಕೊಳ್ಳುವ ಮನೆವಾತಾವರಣದ ಪಾಲು ತೀರಾ ಕಡಿಮೆ ಬರುತ್ತದೆ. ಉಳಿದ ಅರ್ಧದಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಆದ ಅನುಭವ, ಗೆಳೆಯರು, ಜೊತೆಗೆ ಅಳತೆಯ ತಪ್ಪು, ಎಲ್ಲ ಸೇರಿದೆ. ಆದರೆ ಒಂದು ಮನೆಯಲ್ಲಿ ಅಪ್ಪನಿಂದ ಜೀನೂ ಬರುತ್ತದೆ, ಅಪ್ಪನ ನಡತೆಯೂ ಕಣ್ಣೆದುರೇ ಇರುತ್ತದೆ. ಬರೀ ಮೂರು ತಲೆಮಾರು ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಕುಂಬಳೆಯವರೇ, ನಿಮಗೂ ಇದೇ ಉತ್ತರ.

ಪೆರ್ಲದ ಸೊಸೆ:
ಎಕ್ಸ್ ವಿಷಯ ಓದಿ ನಗು ತಡೆಯಲಾಗಲಿಲ್ಲ. ಟೆಸ್ಟ್ ಬೇಡ, ಬಿಟ್ಟೆ. ಆದರೆ ಟ್ಯೂಷನ್ ಟೀಚರ್ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಇರಬಹುದಾ ನೋಡಿ ಅಂದರು. ಅದಕ್ಕಾದರೂ ಜೀನ್ ಟೆಸ್ಟ್ ಉಂಟಾ?

ನೀರ್ಚಾಲು ಲ್ಯಾಬ್:
ಇಲ್ಲ. ಎಡಿಎಚ್‌ಡಿಯಲ್ಲಿ ವಂಶದ ಪಾಲು ಇನ್ನೂ ಜಾಸ್ತಿ, ಸುಮಾರು ಶೇಕಡಾ 74, ಆದರೂ ಅದನ್ನು ಗುರುತಿಸುವುದು ಮಾತಾಡಿಸಿ, ಕೇಳಿ, ಗಮನಿಸಿ. 12 ವರ್ಷಕ್ಕೆ ಮೊದಲೇ ಲಕ್ಷಣ ಶುರುವಾಗಿರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು. ಮಕ್ಕಳ ಡಾಕ್ಟರು ಅಥವಾ ಮನೋವೈದ್ಯರ ಹತ್ತಿರ ಹೋಗುವಾಗ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ಟೀಚರುಗಳು ಅವನ ಬಗ್ಗೆ ಏನು ಹೇಳುತ್ತಿದ್ದರು ಅಂತ ನೆನಪು ಮಾಡಿ ಬರೆದುಕೊಂಡು ಹೋಗಿ. ಹಳೆಯ ಪ್ರೋಗ್ರೆಸ್ ಕಾರ್ಡು ಇದ್ದರೆ ಅದೂ ಇರಲಿ, ಅದರ ಬಗ್ಗೆ ಖಂಡಿತ ಕೇಳುತ್ತಾರೆ.